ಬೇರೆ ಕಲ್ಲು

೮ ಸೆಪ್ಟೆಂಬರ್ ೨೦೨೪, ಭಾನುವಾರ

ನನ್ನ ಕೋಚ್ ವಿಕಾಸ ಕುಲಕರ್ಣಿ ಸರ್ ಇವತ್ತು ನವನಗರದಿಂದ ಬೈಕ್ ಹತ್ತಿ ನಮ್ಮ ಮನೆಗೇ ಬಂದುಬಿಟ್ಟರು. ಫೋನಿಲ್ಲ, ಮುನ್ಸೂಚನೆಯಿಲ್ಲ. ನಾನು ಬನಿಯನ್ನಿನಲ್ಲಿ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದೆ. ಅವ್ವ ಗಡಬಡಿಸಿ ಚಹಾಕ್ಕಿಟ್ಟಳು. ಸರ್ ಕುಡಿದರು, ಮೇಲೆ ಅರ್ಧ ಕಪ್ಪು ಕೇಳಿ ಹಾಕಿಸಿಕೊಂಡರು. ಅವರು ಹೋದ ಮೇಲೆ ಅವ್ವ ಆ ಅರ್ಧ ಕಪ್ಪಿನ ಸುದ್ದಿಯನ್ನು ಓಣಿಯ ಮನೆಮನೆಗೂ ಹೇಳಿ ಬಂದಳು. ಕುಲಕರ್ಣಿಯವರು ನಮ್ಮ ಮನೆಯಲ್ಲಿ ಕೇಳಿ ಕುಡಿಯುವುದೆಂದರೆ ಸಣ್ಣ ಮಾತಲ್ಲ ಅವಳಿಗೆ.

ಸರ್ ಬಂದದ್ದು ನನ್ನ ಕೈ ನೋಡಲಿಕ್ಕೆ. ಹೋದ ವರ್ಷ ರಾಜ್ಯ ಆಯ್ಕೆಯ ಗುಡ್ಡಗಾಡು ಸೈಕಲ್ ರೇಸಿನಲ್ಲಿ ಗುಡ್ಡ ಏರುವಾಗ ನಾನೇ ಮುಂದಿದ್ದೆ. ಇಳಿಯುವಾಗ ಬಂಡೆಗಳ ಮೇಲೆ ಹ್ಯಾಂಡಲ್ ಕುಣಿಯತೊಡಗಿತು, ಮುಂಗೈ ಮರಗಟ್ಟಿತು, ಬೆರಳು ತಾವಾಗಿಯೇ ಬಿಚ್ಚಿಕೊಂಡವು. ಬಿದ್ದೆ. ಹೆಗಲಿನ ಎಲುಬು ಮುರಿಯಿತು. ಇಪ್ಪತ್ಮೂರರ ಒಳಗಿನವರ ವಿಭಾಗದಲ್ಲಿ ಇದು ನನ್ನ ಕೊನೆಯ ಅವಕಾಶ. ಜನವರಿಯಲ್ಲಿ ಇಳಕಲ್ ಕಡೆಯ ಗುಡ್ಡದಲ್ಲಿ ಆಯ್ಕೆ ಇದೆ. ಅಲ್ಲಿಯೂ ಬೆರಳು ಬಿಚ್ಚಿಕೊಂಡರೆ ನಾನು ಆಯುಷ್ಯಪೂರ್ತಿ ಬಾದಾಮಿಯಲ್ಲಿರುವ ಗೆಳೆಯ ನವೀದನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ತೆಗೆಯುವುದೇ ಗತಿ.

"ಗುಡ್ಡ ಏರೋದು ಕಾಲಿನ ಕೆಲಸ, ಸಿದ್ದಾರ್ಥ. ಇಳಿಯೋದು ಬೆನ್ನು, ಸೊಂಟ, ಕೈ. ನಿನ್ನ ಕಾಲು ಛಲೋ ಅವ. ಮ್ಯಾಲಿಂದು ಏನೂ ಇಲ್ಲ," ಎಂದರು ಸರ್.

"ದಿನಾ ನವನಗರದ ಜಿಮ್ಮಿಗೆ ಬರಾಕ ಆಗಂಗಿಲ್ರಿ ಸರ್. ಅಂಗಡಿ ಐತಿ."

ಅಭ್ಯಾಸದ ದಾರಿ ತೋರಿಸು ಎಂದು ಅವರೇ ನನ್ನ ಜೊತೆ ಗುಡ್ಡದ ಕಡೆ ನಡೆದರು. ಊರ ಅಂಚಿಗೆ ಹಣಮಪ್ಪನ ಗುಡಿ. ಗುಡಿಯ ಮುಂದೆ ಬೇವಿನ ಮರದ ಕೆಳಗೆ ಸಂಗ್ರಾಣಿ ಕಲ್ಲು ಬಿದ್ದಿದೆ, ಅಜ್ಜಂದಿರ ಕಾಲದ ದುಂಡು ಕಲ್ಲು. ಹಿಂದೆ ಕಾರಹುಣ್ಣಿಮೆಗೆ ಊರ ಹುಡುಗರು ಅದನ್ನು ಹೆಗಲಿಗೆ ಏರಿಸಿ ಹಿಂದೆ ಒಗೆಯುತ್ತಿದ್ದರು. ಈಗ ಹುಡುಗರ ಕೈಗೆ ಮೊಬೈಲೇ ಭಾರ. ಸರ್ ಅದನ್ನು ನೋಡಿದ್ದೇ ಮಗುವಿನಂತೆ ಹಿಗ್ಗಿದರು. "ಜಿಮ್ಮು ನಿನ್ನ ಊರಾಗ ಅದಲ್ಲೋ! ಕಬ್ಬಿಣಕ್ಕ ಹಿಡಿಕಿ ಇರ್ತದ, ಇದಕ್ಕಿಲ್ಲ. ಇದನ್ನ ಹಿಡಿದವನ ಬೆರಳು ಹ್ಯಾಂಡಲ್ ಬಿಡೋದಿಲ್ಲ. ವಾರಕ್ಕ ಮೂರು ಮುಂಜಾನೆ ಎತ್ತು."

ನಾನು ಹೂಂ ಎಂದೆ. ಏನು ಹೇಳಬೇಕಿತ್ತು? ನಾವು ದಲಿತರು, ನಮ್ಮ ಕೇರಿಯ ಯಾರೂ ಇಲ್ಲಿಯವರೆಗೆ ಆ ಕಲ್ಲಿಗೆ ಕೈ ಹಚ್ಚಿಲ್ಲ ಎಂದೇ? ಮುಟ್ಟಬೇಡ ಎಂದು ನನಗೆ ಯಾರೂ ಹೇಳಿಲ್ಲ. ಮುಟ್ಟು ಅಂತಲೂ ಹೇಳಿಲ್ಲ. ಸರ್ ಒಳ್ಳೆಯವರು, ಇಂಥದ್ದು ಅವರಿಗೆ ಹೊಳೆಯುವುದಿಲ್ಲ ಅಷ್ಟೆ.

೧೦ ಸೆಪ್ಟೆಂಬರ್

ನವೀದನಿಗೆ ಹೇಳಿದೆ. ನಕ್ಕ. "ಲೇ ಸಿದ್ದ್ಯಾ, ಬಾದಾಮಿ ಸೀಮ್ಯಾಗ ಕಲ್ಲಿಗೇನು ಬರಗಾಲ ಬಂದೈತೇನಲೇ? ಗುಡ್ಡದಾಗಿಂದ ಒಂದು ಉರುಳಿಸ್ಕೊಂಡು ಬಂದು ಹಿತ್ತಲದಾಗ ಎತ್ತು."

ಗುಡ್ಡದ ಕೆಂಪು ಕಲ್ಲು ಉದುರುತ್ತದೆ, ದುಂಡಗಿಲ್ಲ, ಕೈ ಕೊಯ್ಯುತ್ತದೆ ಎಂದೆಲ್ಲ ವಾದ ಹೂಡಿದೆ. ಅವನು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಖರೆ ಮಾತೆಂದರೆ ನನಗೆ ಅದೇ ಬೇಕು. ಚಿಕ್ಕವನಿದ್ದಾಗ ದೂರ ನಿಂತು ಎಷ್ಟು ಸಲ ನೋಡಿದ್ದೇನೆ. ಎತ್ತಿದವನನ್ನು ಊರೇ ಹೊತ್ತು ಕುಣಿಯುತ್ತಿತ್ತು. ಈಗ ಅದರ ಮೇಲೆ ನಾಯಿ ಕಾಲೆತ್ತಿ ಹೋಗುತ್ತದೆ. ನಾಯಿ ಕಾಲೆತ್ತಬಹುದು, ನಾನು ಕಲ್ಲೆತ್ತಬಾರದು. ಇದ್ಯಾವ ನ್ಯಾಯ?

೧೨ ಸೆಪ್ಟೆಂಬರ್

ಬೆಳಕು ಹರಿಯುವ ಹೊತ್ತಿಗೆ ಹೋದೆ. ಸುತ್ತ ಯಾರೂ ಇರಲಿಲ್ಲ. ಸರ್ ಹೇಳಿದಂತೆ ಕಾಲು ಅಗಲಿಸಿ, ಬೆನ್ನು ನೆಟ್ಟಗಿಟ್ಟು, ಕುಂಡಿ ಹಿಂದೆ ಚಾಚಿ ಬಗ್ಗಿ ತಬ್ಬಿಕೊಂಡೆ. ತಣ್ಣಗಿತ್ತು. ಅಲುಗಾಡಲಿಲ್ಲ. ಮತ್ತೆ ಹಿಡಿದೆ, ಮುಕ್ಕಿರಿದೆ. ಮಿಸುಕಾಡಲೂ ಇಲ್ಲ. ಎದೆಯ ತುಂಬ ಮಣ್ಣಾಯಿತು, ಅಷ್ಟೇ ಲಾಭ. ಆದರೂ ಮುಟ್ಟಿದೆನಲ್ಲ! ಮಣ್ಣು ಕೊಡವದೆ ಹಾಗೆಯೇ ಗುಡ್ಡದ ದಾರಿ ಹಿಡಿದು ಸೈಕಲ್ ತುಳಿದೆ.

೨೩ ಸೆಪ್ಟೆಂಬರ್

ನೆಲ ಬಿಟ್ಟಿತು! ಮೊಳಕಾಲಿನ ತನಕ ಬಂತು, ತೊಡೆಯ ಮೇಲೆ ಕೂರಿಸಿಕೊಂಡೆ. ಇಲ್ಲಿಂದ ಎದೆಗೆ, ಎದೆಯಿಂದ ಹೆಗಲಿಗೆ. ಕಲ್ಲಿಲ್ಲದ ದಿನ ಎರಡು ಕೈಯಲ್ಲೂ ನೀರಿನ ಕ್ಯಾನು ಹಿಡಿದು ಓಣಿಯುದ್ದ ನಡೆಯುತ್ತೇನೆ, ಒಂಟಿ ಕಾಲಿನಲ್ಲಿ ಬೈಠಕ್ ಹೊಡೆಯುತ್ತೇನೆ. ಅವ್ವ ದಿನಾ ಹೆಸರುಕಾಳು, ಮೊಟ್ಟೆ, ಶೇಂಗಾ ಹಿಂಡಿ ಹಾಕಿ ರೊಟ್ಟಿ ಬಡಿಯುತ್ತಾಳೆ. "ಮಗನ್ನ ಸಾಕಾಕತ್ತೀನೋ ಹೋರಿ ಸಾಕಾಕತ್ತೀನೋ," ಎನ್ನುತ್ತಾಳೆ.

ಇವತ್ತು ಗುಡಿಯ ಪೂಜಾರಿ ಎಂದಿಗಿಂತ ಬೇಗ ಬಂದಿದ್ದ. ಕಲ್ಲು ನನ್ನ ತೊಡೆಯ ಮೇಲೇ ಇತ್ತು, ಇಳಿಸಿ ಓಡುವಂತಿಲ್ಲ. ಅವನು ನನ್ನ ನೋಡಿದ, ಗಂಟಲು ಸರಿಮಾಡಿಕೊಂಡ, ಗುಡಿಯ ಹಿಂಬದಿಗೆ ಹೋದ. ಏನೂ ಅನ್ನಲಿಲ್ಲ. ಕಾಲ ಬದಲಾಗಿದೆ ಬಿಡು. ನಾನೇ ಸುಮ್ಮನೆ ಇಲ್ಲದ್ದೆಲ್ಲ ಯೋಚಿಸಿ ಹೆದರುತ್ತೇನೆ.

೬ ಅಕ್ಟೋಬರ್, ಭಾನುವಾರ

ಏರಿತು. ಹೆಗಲಿಗೆ ಏರಿತು!

ಹೇಗೆ ಬರೆಯಲಿ. ತೊಡೆಯಿಂದ ಎದೆಗೆ ತಂದಾಗ ಉಸಿರು ಕಟ್ಟಿತು. ನವೀದ ಮೊಬೈಲ್ ಹಿಡಿದುಕೊಂಡು "ಎತ್ತಲೇ, ಎತ್ತಲೇ ಮಗನ!" ಎಂದು ಕೂಗುತ್ತಿದ್ದ. ಸೊಂಟವನ್ನು ಮುಂದಕ್ಕೆ ಒದ್ದೆ, ಅಷ್ಟೆ, ಕಲ್ಲು ತಾನೇ ಮೇಲೆ ಬಂದು ಮುರಿದ ಹೆಗಲ ಮೇಲೆಯೇ ಕೂತಿತು. ನೋವಾಗಲಿಲ್ಲ. ಅಲ್ಲಿಂದ ನಮ್ಮ ಕೇರಿ ಕಾಣುತ್ತಿತ್ತು, ನಮ್ಮ ಮನೆಯ ತಗಡು ಕಾಣುತ್ತಿತ್ತು. ಅಳು ಬಂತು. ಇಷ್ಟು ಖುಷಿ ನನಗೆ ಯಾವ ಮೆಡಲು ತಂದಾಗಲೂ ಆಗಿಲ್ಲ. ಹಿಂದಕ್ಕೆ ಒಗೆದೆ. ದೊಪ್ಪೆಂದು ಬಿದ್ದ ಸದ್ದಿಗೆ ಮರದ ಕಾಗೆಗಳೆಲ್ಲ ಎದ್ದವು.

ಆಮೇಲೆ ಗುಡ್ಡದ ಇಳಿಜಾರಿನಲ್ಲಿ ಒಂದು ಸಲವೂ ಬೆರಳು ಸಡಿಲಾಗಲಿಲ್ಲ. ಸರ್ ಹೇಳಿದ್ದು ಸುಳ್ಳಲ್ಲ. ವಿಡಿಯೋ ಅವರಿಗೆ ಕಳಿಸಿದೆ.

೯ ಅಕ್ಟೋಬರ್

ಸರ್ ವಿಡಿಯೋವನ್ನು ನೆಟ್ಟಿಗೆ ಹಾಕಿಬಿಟ್ಟಿದ್ದಾರೆ. "ನಮ್ಮ ಸಿದ್ದಾರ್ಥ, ತನ್ನೂರಿನ ಹಣಮಪ್ಪನ ಗುಡಿಯ ಸಂಗ್ರಾಣಿ ಕಲ್ಲಿನಿಂದಲೇ ರಾಜ್ಯ ಆಯ್ಕೆಗೆ ಸಜ್ಜಾಗುತ್ತಿದ್ದಾನೆ. ನಮ್ಮ ಮಣ್ಣಿನ ವ್ಯಾಯಾಮಕ್ಕೆ ಸಾಟಿಯಿಲ್ಲ." ಕೆಳಗೆ ಚಪ್ಪಾಳೆಯೇ ಚಪ್ಪಾಳೆ. ಹುನಗುಂದದಿಂದ, ಇಳಕಲ್ಲಿನಿಂದ ಗೊತ್ತಿಲ್ಲದವರೆಲ್ಲ ಹುಲಿ ಎಂದು ಬರೆದಿದ್ದಾರೆ. ಅಂಗಡಿಗೆ ಬಂದ ಗಿರಾಕಿಯೊಬ್ಬ ನನ್ನ ರಟ್ಟೆ ಮುಟ್ಟಿ ನೋಡಿದ.

ಅವ್ವನಿಗೆ ತೋರಿಸಿದೆ. ನೋಡಿದಳು. ಮೊಬೈಲನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಇದನ್ನ ಯಾರ್ಯಾರು ನೋಡ್ಯಾರ?" ಎಂದಳು.

"ಎಲ್ಲಾರೂ ನೋಡ್ಯಾರವ್ವಾ!"

ಅವಳು ಹೋಗಿ ಒಲೆಯ ಮುಂದೆ ಕೂತಳು. ನನ್ನ ಉತ್ಸಾಹಕ್ಕೆ ನೀರು ಬಿತ್ತು. ಮಗ ಇಂಥದ್ದು ಮಾಡಿದರೆ ಭೇಷ್ ಅನ್ನಬಾರದೇ? ಸಿಟ್ಟು ಬಂದು ಊಟ ಬಿಟ್ಟೆ.

೧೩ ಅಕ್ಟೋಬರ್

ರುದ್ರಗೌಡರು ಹೇಳಿ ಕಳಿಸಿದ್ದರು. ಊರ ಹಿರಿಯರು, ಗುಡಿ ಕಮಿಟಿಯೂ ಅವರದೇ, ಶಾಲೆ ಕಮಿಟಿಯೂ ಅವರದೇ. ಕಟ್ಟೆಯ ಮೇಲೆ ಮೂರ್ನಾಲ್ಕು ಜನ ಕೂತಿದ್ದರು. ಬೈಯುತ್ತಾರೆ ಎಂದುಕೊಂಡು ಹಲ್ಲು ಕಚ್ಚಿಕೊಂಡು ಹೋಗಿದ್ದೆ. ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು.

"ಬಾ ತಮ್ಮಾ. ಭಾಳ ಛಲೋ ಎತ್ತೀದಿ. ನಮ್ಮೂರ ಹುಡುಗ ಅಂತ ನಮಗ ಅಭಿಮಾನ ಐತಿ," ಎಂದರು. ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಸವರಿದರು. "ನೀ ಮುಂಜಾನಿ ಅಲ್ಲಿ ಹೋಗೂದು ನಮಗ ಗೊತ್ತಿರಲಿಲ್ಲೇನು? ಪೂಜಾರಿ ಅವತ್ತ ಹೇಳ್ಯಾನ. ಹುಡುಗ ಕಸರತ್ ಮಾಡ್ತಾನ, ಮಾಡ್ಲಿ ಅಂತ ಬಿಟ್ಟಿದ್ವಿ. ಊರಾಗಿಂದು ಊರಾಗಿತ್ತು. ಈಗ ಊರ ಹೆಸರು ಹಾಕಿ, ಗುಡಿ ಹೆಸರು ಹಾಕಿ ಜಗತ್ತಿಗೆ ತೋರಿಸಿದ್ರಿ. ಬಾಜೂ ಊರಾವರು ಫೋನ್ ಮಾಡಿ ಕೇಳಾಕತ್ತಾರ, ನಿಮ್ಮೂರಾಗ ಎತ್ತಾವರು ಬ್ಯಾರೆ ಯಾರೂ ಸಿಗಲಿಲ್ಲೇನು ಅಂತ. ಏನ್ ಹೇಳ್ಲಿ ನಾ?"

"ಸಿಗಲಿಲ್ಲ ಅಂತ ಹೇಳ್ರಿ," ಎಂದೆ. ಬಾಯಿ ತಪ್ಪಿ ಬಂತು.

ಗೌಡರು ನಕ್ಕರು. "ಹಂಗಲ್ಲ ತಮ್ಮಾ. ಅದು ಈ ಕಲ್ಲಲ್ಲ, ಬ್ಯಾರೆ ಕಲ್ಲು ಅಂತ ಒಂದ್ ಮಾತು ಮೊಬೈಲ್‌ನ್ಯಾಗ ಹೇಳಿಬಿಡು. ಯಾರಿಗೂ ಕೆಟ್ಟ ಆಗಂಗಿಲ್ಲ."

"ಗುಡಿ ಗ್ವಾಡಿ ಕಾಣ್ತೈತ್ರಿ ಅದರಾಗ."

"ಗ್ವಾಡಿ ಎಲ್ಲಾ ಊರಾಗೂ ಇರ್ತಾವ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಇದು ಅವರ ಲೆಕ್ಕ. ಹೇಳುವುದಿಲ್ಲ ಎಂದು ಬಂದೆ. ನಾನು ಎತ್ತಿದ್ದು ಅದೇ ಕಲ್ಲು. ಸೂರ್ಯ ಪಶ್ಚಿಮಕ್ಕೆ ಹುಟ್ಟಿದರೂ ಅದೇ ಕಲ್ಲು. ನಾಳೆಯೂ ಹೋಗಿ ಎತ್ತುತ್ತೇನೆ, ಏನು ಕಿತ್ತುಕೊಳ್ಳುತ್ತಾರೋ ನೋಡೋಣ.

೧೪ ಅಕ್ಟೋಬರ್

ಹೋದೆ. ಕಲ್ಲಿನ ಸುತ್ತ ಮುಳ್ಳುಕಂಟಿ ಬಡಿದಿದ್ದರು. ಮಾತಿಲ್ಲ ಕತೆಯಿಲ್ಲ, ಬರೀ ಕಂಟಿ.

೨೨ ಅಕ್ಟೋಬರ್

ದಸರಾ ರಜೆ ಮುಗಿದು ಶಾಲೆ ನಿನ್ನೆ ಶುರುವಾಯಿತು. ಅವ್ವ ಅಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಾಳೆ, ನಾನು ಹೈಸ್ಕೂಲಿನಲ್ಲಿದ್ದಾಗಿನಿಂದಲೂ ಮಾಡುತ್ತಿದ್ದಾಳೆ. ಮೊದಮೊದಲು ಒಂದಿಷ್ಟು ಮನೆಯವರು ಗೊಣಗಿದ್ದರಂತೆ. ಅವಳ ಸಾರಿನ ರುಚಿಗೆ ಎಲ್ಲ ಸುಮ್ಮನಾದರು. ತಾಯವ್ವನ ಕೈ ಅಂದರೆ ಕೈ ಎಂದು ಮೇಷ್ಟ್ರುಗಳೂ ಹೇಳುತ್ತಾರೆ. ಆ ಒಂದು ಮಾತಿನ ಮೇಲೆ ಅವಳು ಬದುಕಿದ್ದಾಳೆ.

ನಿನ್ನೆ ಮೇಲಿನ ಓಣಿಯ ಮಕ್ಕಳೆಲ್ಲ ಮನೆಯಿಂದ ಊಟದ ಡಬ್ಬಿ ತಂದಿದ್ದರು. ಇವತ್ತೂ ತಂದಿದ್ದರು. ಕಲಿಸಿ ಕಳಿಸಿದಂತೆ ಎಲ್ಲವೂ "ಹೊಟ್ಟಿ ನೋಯ್ತೈತಿ ಆಯಿ" ಎಂದವಂತೆ. ಅವ್ವ ಹಂಡೆ ತುಂಬ ಅನ್ನ ಹೊತ್ತು ತಂದು ದನಗಳಿಗೆ ಸುರಿದಳು. ನಾನು ರುದ್ರಗೌಡರ ಮನೆಗೆ ಹೋಗಿ ಕೇಳುತ್ತೇನೆ ಎಂದು ಎದ್ದೆ.

"ಏನಂತ ಕೇಳ್ತಿ? ಅವರು ಏನರ ಅಂದಾರೇನು? ಹುಡುಗುರು ಹೊಟ್ಟಿ ನೋವು ಅಂದಾವ," ಎಂದಳು.

ಕೂತೆ.

೨೬ ಅಕ್ಟೋಬರ್

ಡಬ್ಬಿಗಳು ನಿಂತಿಲ್ಲ. ಉಣ್ಣುವವರಿಲ್ಲದ ಮೇಲೆ ಅಡುಗೆಯವಳು ಯಾಕೆ, ಕಮಿಟಿ ಕೂಡಬೇಕಾಗುತ್ತದೆ ಎಂದು ಹೆಡ್ ಮಾಸ್ತರು ಅವ್ವನಿಗೆ ಸಂಕಟದಿಂದಲೇ ಹೇಳಿದರಂತೆ. ಅವ್ವ ವಿಡಿಯೋ ಬಗ್ಗೆ ಒಂದು ಅಕ್ಷರ ಎತ್ತುವುದಿಲ್ಲ. ದಿನಾ ಹೋಗುತ್ತಾಳೆ, ಬೇಯಿಸುತ್ತಾಳೆ, ನಮ್ಮ ಕೇರಿಯ ಮಕ್ಕಳಿಗೆ ಬಡಿಸಿ ಉಳಿದದ್ದನ್ನು ಚೆಲ್ಲಿ ಬರುತ್ತಾಳೆ. ಅವಳು ಒಂದು ಸಲ ಬೈದುಬಿಟ್ಟಿದ್ದರೆ ಸಾಕಿತ್ತು.

ತಾಲೀಮು ಆಗಿಲ್ಲ. ಕ್ಯಾನು ಹಿಡಿದರೆ ಕೈಯಲ್ಲಿ ಜೀವವೇ ಇಲ್ಲ.

೨೮ ಅಕ್ಟೋಬರ್

ನವನಗರಕ್ಕೆ ಹೋಗಿ ಸರ್‌ಗೆ ಎಲ್ಲ ಹೇಳಿದೆ. ಅವರ ಮುಖ ಬೆಳ್ಳಗಾಯಿತು. "ನನಗ ಹೊಳೀಲೇ ಇಲ್ಲೋ. ನೀ ಯಾಕ ಅವತ್ತೇ ಹೇಳ್ಲಿಲ್ಲ?" ಎಂದರು.

ಅಲ್ಲೇ ಕೂತು, ಹಾಕಿದ್ದ ವಿಡಿಯೋ ಅಳಿಸಿದರು. ಎಷ್ಟು ಮೊಬೈಲುಗಳಿಗೆ ಹೋಗಿದೆಯೋ ಏನೋ, ಇದು ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ನಿಮ್ಮ ತಾಯಿ ಕೆಲಸ ಮುಖ್ಯ. ನಿನ್ನ ರೇಸ್ ಮುಖ್ಯ. ಕಲ್ಲು ಏನ್ ಮಹಾ? ಅವರು ಹೇಳಿದ ಒಂದು ಮಾತು ಹೇಳಿಬಿಡು, ನಿನ್ನ ಗಂಟೇನು ಹೋಗ್ತದ?" ಎಂದರು.

ಅವರು ಬೇರೆ ಏನೋ ಹೇಳಬೇಕಿತ್ತು ಎನಿಸಿತು. ಏನು ಎಂದು ಕೇಳಿದರೆ ಗೊತ್ತಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದೆ.

೩ ನವೆಂಬರ್

ಹೇಳಿದೆ. ಗೌಡರ ಕಟ್ಟೆಯ ಮೇಲೆ ನಿಂತು, ಅವರ ಮಗನ ಮೊಬೈಲಿಗೆ ಹೇಳಿದೆ. "ನಾನು ಎತ್ತಿದ್ದು ಗುಡಿಯ ಕಲ್ಲಲ್ಲ, ಬೇರೆ ಕಲ್ಲು. ತಪ್ಪು ತಿಳಿವಳಿಕೆಯಿಂದ ಹಾಗೆ ಬರೆಯಲಾಗಿತ್ತು." ಮೊದಲ ಸಲ ದನಿ ಸಣ್ಣದಾಯಿತೆಂದು ಮತ್ತೊಮ್ಮೆ ಹೇಳಿಸಿದರು. ಎರಡನೆಯ ಸಲ ಸರಾಗವಾಗಿ ಬಂತು.

ಇಲ್ಲಿ ಮಾತ್ರ ಬರೆಯುತ್ತೇನೆ. ಅದೇ ಕಲ್ಲು. ಅದನ್ನು ನಾನು ಎತ್ತಿದ್ದೇನೆ. ಥೂ ನನ್ನ ಬಾಯಿಗೆ.

೫ ನವೆಂಬರ್

ಮಕ್ಕಳ ಹೊಟ್ಟೆನೋವು ವಾಸಿಯಾಗಿದೆ. ಹಂಡೆ ಖಾಲಿಯಾಗಿ ಬಂತು. ಅವ್ವ ಸಂಜೆ ನನಗೆ ಮೊಟ್ಟೆ ಒಡೆದು ಹಾಕಿದಳು.

೯ ನವೆಂಬರ್, ಶನಿವಾರ

ಇವತ್ತು ನನಗೆ ಸನ್ಮಾನ. ನಗಬೇಕೋ ಅಳಬೇಕೋ. ಹಣಮಪ್ಪನ ವಾರ ಎಂದು ಶನಿವಾರವೇ ಇಟ್ಟುಕೊಂಡಿದ್ದರು. ಗುಡಿಯ ಅಂಗಳದ ಹೊರಗೆ ಶಾಮಿಯಾನ, ಮೈಕು. ನಾನು ಹೋಗುವ ಹೊತ್ತಿಗೆ ಗೌಂಡಿ ಇನ್ನೂ ಕರಣಿ ತೊಳೆಯುತ್ತಿದ್ದ. ಸಂಗ್ರಾಣಿ ಕಲ್ಲಿಗೆ ಸಿಮೆಂಟಿನ ಕಟ್ಟೆ ಕಟ್ಟಿ ಅರ್ಧ ಮಟ್ಟ ಹೂತು ನಿಲ್ಲಿಸಿದ್ದಾರೆ. ಮೇಲೆ ಕುಂಕುಮ, ಹೂವಿನ ಸರ, ಊದಿನಕಡ್ಡಿ. ಇನ್ನು ಅದನ್ನು ಯಾರೂ ಎತ್ತುವಂತಿಲ್ಲ, ಅದು ದೇವರು. ಗೌಡರ ಮೊಮ್ಮಕ್ಕಳೂ ಎತ್ತುವಂತಿಲ್ಲ. ನನ್ನೊಬ್ಬನನ್ನು ತಡೆಯಲು ಇಡೀ ಊರು ತನ್ನ ಆಟಕ್ಕೇ ಸಿಮೆಂಟ್ ಹಾಕಿಕೊಂಡಿತಲ್ಲ, ಎಂಥ ಜನ!

ಮೊದಲು ಕಲ್ಲಿಗೆ ಪೂಜೆ, ಆಮೇಲೆ ನನಗೆ ಶಾಲು. "ಸಿದ್ದಾರ್ಥ ನಮ್ಮೂರ ಹುಲಿ, ಜಾತಿ ಪಾತಿ ನಮ್ಮೂರಾಗಿಲ್ಲ," ಎಂದು ಗೌಡರು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು. ಶಾಲನ್ನು ಎರಡು ತುದಿಯಲ್ಲಿ ಹಿಡಿದು ನನ್ನ ಮೇಲೆ ಇಳಿಬಿಟ್ಟರು, ಅವರ ಕೈ ಹೆಗಲಿಗೆ ತಾಗಲಿಲ್ಲ. ನಾನು ತಲೆ ಬಗ್ಗಿಸಿದೆ. ತಲೆ ಬಗ್ಗಿಸದೆ ಶಾಲು ಹೊದೆಯುವುದು ಹೇಗೆ?

ಅವ್ವ ಹಿಂದೆ ಹೆಂಗಸರ ಜೊತೆ ನಿಂತಿದ್ದಳು. ಚಪ್ಪಾಳೆ ಹೊಡೆಯಲಿಲ್ಲ. ಕಲ್ಲನ್ನೇ ನೋಡುತ್ತಿದ್ದಳು.

೨೦ ನವೆಂಬರ್

ನವೀದ ಟ್ರ್ಯಾಕ್ಟರಿನ ಹಳೇ ಟ್ಯೂಬಿಗೆ ಮರಳು ತುಂಬಿ ಕೊಟ್ಟಿದ್ದಾನೆ. ಹಿತ್ತಲಲ್ಲಿ ಎತ್ತುತ್ತೇನೆ. ಹಿಡಿತಕ್ಕೆ ಪರವಾಗಿಲ್ಲ. ಸರ್ ಬರೆದುಕೊಟ್ಟಂತೆ ವಾರದಲ್ಲಿ ಮೂರು ದಿನ ಭಾರ, ಮೂರು ದಿನ ಗುಡ್ಡ, ಒಂದು ದಿನ ವಿಶ್ರಾಂತಿ.

೧ ಡಿಸೆಂಬರ್

ತಾಲೀಮು ಆಯಿತು. ಇಳಿಜಾರು ಸರಿಯಿತ್ತು. ವಿಶೇಷವಿಲ್ಲ.

೧೪ ಡಿಸೆಂಬರ್

ಗುಡ್ಡಕ್ಕೆ ಹೋಗುವಾಗ ಈಗ ಗುಡಿಯ ಮುಂದೆ ಇಳಿದು ಕಟ್ಟೆಯ ಕಲ್ಲಿಗೆ ಕೈ ಮುಗಿದೇ ಮುಂದೆ ಹೋಗುವುದು ರೂಢಿಯಾಗಿದೆ. ಕಲ್ಲಿಗೆ ಕೇಸರಿ ಬಳಿದಿದ್ದಾರೆ, ಲಕ್ಷಣವಾಗಿ ಕಾಣುತ್ತದೆ. ರೇಸಿನ ವರ್ಷ, ಯಾವ ದೇವರನ್ನೂ ಬಿಡಬಾರದು. ಪೂಜಾರಿ ಇವತ್ತು ಮಾತಾಡಿಸಿದ. ದೂರ ನಿಂತೇ ಹೂವು ಎಸೆದ, ಹಿಡಿದುಕೊಂಡೆ. ನವೀದನಿಗೆ ಹೇಳಿದರೆ, "ಕೈ ಮುಗೀತಿಯೇನಲೇ? ಅದನ್ನ ಹೊತ್ತು ಒಗದಾಂವ ನೀನ!" ಎಂದು ಬಿದ್ದು ಬಿದ್ದು ನಕ್ಕ. ಅವನಿಗೆ ಎಲ್ಲವೂ ತಮಾಷೆ.

೨ ಜನವರಿ ೨೦೨೫

ನವೀದನ ಜೊತೆ ಜಗಳವಾಯಿತು. ಅಂಗಡಿಗೆ ಗುಳೇದಗುಡ್ಡದ ಹುಡುಗರು ಬಂದಿದ್ದರು. ಅವರೆದುರು ಇವನು, "ಈ ಮಗ ಗುಡಿ ಮುಂದಿನ ಸಂಗ್ರಾಣಿ ಕಲ್ಲು ಹೆಗಲಿಗೆ ಏರಿಸಿದಾಂವ," ಎಂದು ಕೊಚ್ಚಿಕೊಂಡ. ನಾನು ತಿದ್ದಿದೆ.

"ಅದಲ್ಲೋ. ಬ್ಯಾರೆ ಕಲ್ಲು."

ಅವನು ನಕ್ಕ. ನಾನು ನಗದೇ ಇದ್ದದ್ದು ನೋಡಿ ಹುಡುಗರು ಹೋಗುವತನಕ ಸುಮ್ಮನಿದ್ದ. ಆಮೇಲೆ ಶಟರ್ ಅರ್ಧ ಎಳೆದು, "ಸಿದ್ದ್ಯಾ, ನಾ ವಿಡಿಯೋ ಹಿಡದಾಂವ. ನನ್ನ ಮುಂದ ಯಾಕ ಹಿಂಗ ಅಂತಿ?" ಎಂದ.

"ನೀ ಮೊಬೈಲ್ ನೋಡಾಕತ್ತಿದ್ದಿ. ಕಲ್ಲು ಎಲ್ಲಿ ನೋಡಿದಿ?"

ಅವನು ಶಟರ್ ಪೂರ್ತಿ ಮೇಲೆತ್ತಿ ಕೆಲಸಕ್ಕೆ ಕೂತ. ಮಧ್ಯಾಹ್ನ ದಿನದಂತೆ ಜೊತೆಗೆ ಊಟಕ್ಕೂ ಕೂರಲಿಲ್ಲ. ಯಾರ್ಯಾರಿಗೋ ಏನೇನೋ ಹೇಳಿ ಊರಲ್ಲಿ ಮತ್ತೆ ಗದ್ದಲ ಎಬ್ಬಿಸುತ್ತಾನೆ. ರೇಸಿನ ಹೊತ್ತಿಗೆ ಇದೆಲ್ಲ ತಲೆನೋವು ಬೇಕೆ ನನಗೆ? ಒಂದು ವಾರ ಅಂಗಡಿಗೆ ಬರುವುದಿಲ್ಲ ಎಂದು ಹೇಳಿ ಬಂದೆ.

೧೩ ಜನವರಿ

ಸರ್ ಭಾರ ಇಳಿಸಲು ಹೇಳಿದ್ದಾರೆ. ರೇಸಿನ ವಾರ ಮೈ ಹಗುರ ಇರಬೇಕಂತೆ. ಗೌಡರ ಮಗ ದಾರಿಯಲ್ಲಿ ಸಿಕ್ಕು, ಗೆದ್ದರೆ ಫ್ಲೆಕ್ಸ್ ಹಾಕಿಸುವುದಾಗಿ ಹೇಳಿದ. ಒಳ್ಳೆಯ ಹುಡುಗ.

೧೯ ಜನವರಿ, ಭಾನುವಾರ

ಇಳಕಲ್. ಗುಡ್ಡದ ತುಂಬ ಕಲ್ಲುಗಣಿಯವರು ಬಿಟ್ಟು ಹೋದ ಬಂಡೆ, ಚಕ್ಕೆ. ಏರಿನಲ್ಲಿ ನಾಲ್ಕನೆಯವನಿದ್ದೆ. ಇಳಿಜಾರು ಶುರುವಾದದ್ದೇ ಮುಂದಿನ ಇಬ್ಬರ ಕೈ ಸೋಲುವುದು ಹಿಂದಿನಿಂದ ಕಾಣುತ್ತಿತ್ತು. ಅವರು ಬ್ರೇಕು ಹಿಡಿದಲ್ಲೆಲ್ಲ ನಾನು ಬಿಟ್ಟೆ. ಹ್ಯಾಂಡಲ್ ಕುಣಿಯಿತು, ಬೆರಳು ಕದಲಲಿಲ್ಲ. ಹೋದ ಸಲ ನಾನು ಬಿದ್ದಂಥದ್ದೇ ಬಂಡೆಯೊಂದು ಬಂತು, ಸೊಂಟ ಹಿಂದೆ ಹಾಕಿ ದಾಟಿದೆ. ಎರಡನೆಯ ಸ್ಥಾನ. ಮೊದಲ ಮೂವರು ರಾಜ್ಯ ತಂಡಕ್ಕೆ. ಸರ್ ಅತ್ತುಬಿಟ್ಟರು. ನನಗೆ ಅಳು ಬರಲಿಲ್ಲ, ನಗುವೂ ಅಷ್ಟಾಗಿ ಬರಲಿಲ್ಲ. ಕೆಲಸ ಮುಗಿಸಿದಂತಿತ್ತು.

ಪತ್ರಿಕೆಯವರೊಬ್ಬರು ಬಂದು, "ನಿಮ್ಮದೊಂದು ಸಂಗ್ರಾಣಿ ಕಲ್ಲಿನ ವಿಡಿಯೋ ನೋಡಿದ್ದೆ. ಈ ಶಕ್ತಿ ಅದರಿಂದಲೇ ಬಂತಾ?" ಎಂದರು.

"ಇಲ್ರಿ. ಮರಳಿನ ಟ್ಯೂಬು, ನೀರಿನ ಕ್ಯಾನು, ಇವುಗಳ ಮ್ಯಾಲ ಮಾಡಿದ್ದು. ಅದು ಗುಡಿ ಕಲ್ಲಲ್ಲ, ಬ್ಯಾರೆ ಕಲ್ಲು. ಗುಡಿ ಕಲ್ಲಿಗೆ ನಾವು ಯಾರೂ ಕೈ ಹಚ್ಚಂಗಿಲ್ರಿ," ಎಂದೆ. ಸರ್ ಪಕ್ಕದಲ್ಲೇ ಇದ್ದರು, ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದರು. ಸ್ಪಷ್ಟವಾಗಿ ಉತ್ತರ ಕೊಟ್ಟೆ ಎನಿಸಿತು.

೨೧ ಜನವರಿ

ಊರ ಬಾಗಿಲಲ್ಲಿ ಫ್ಲೆಕ್ಸ್ ಹಾಕಿದ್ದಾರೆ. ಗೌಡರ ಫೋಟೋ ದೊಡ್ಡದು, ನನ್ನದು ಕೆಳಗೆ. ಚೆನ್ನಾಗಿದೆ.

ಅವ್ವ ಶಾಲೆಯಿಂದ ಬಂದವಳೇ ಹೋಳಿಗೆ ಮಾಡಿದಳು. ನನ್ನ ಮುಂದೆ ತಾಟು ಇಟ್ಟು, ಹೋಗಿ ಬಾಗಿಲು ಹಾಕಿ ಅಗಳಿ ಜಡಿದಳು. ಹಗಲು ಹೊತ್ತು ನಮ್ಮ ಮನೆಯ ಬಾಗಿಲ ಅಗಳಿ ಹಾಕಿದ್ದನ್ನು ನಾನು ನೋಡಿಲ್ಲ. ಬಂದು ನನ್ನೆದುರು ಮೊಳಕಾಲೂರಿ ಕೂತಳು. ಅವಳ ಮುಖ ಎಂಥದೋ ಆಗಿತ್ತು, ಸಣ್ಣ ಹುಡುಗಿಯ ಹಾಗೆ.

"ಈಗ ಹೇಳು," ಎಂದಳು, ಬಲು ಮೆಲ್ಲಗೆ. "ಅವತ್ತಿಂದ ಕೇಳಬೇಕು ಕೇಳಬೇಕು ಅಂತ ಜೀವ ಹಿಡ್ಕೊಂಡೇನಿ. ಎಲ್ಲಾ ಮುಗೀಲಿ ಅಂತ ಸುಮ್ಮನಿದ್ದೆ. ಅದನ್ನ ಹೆಗಲಿಗೆ ಏರಿಸಿದಾಗ ನಿನಗ ಹೆಂಗ ಆತು?"

"ಯಾವುದನ್ನವ್ವಾ?"

"ಗುಡಿ ಮುಂದಿನ ಕಲ್ಲು."

"ಅದು ಬ್ಯಾರೆ ಕಲ್ಲವ್ವಾ."

ಅವಳು ನಕ್ಕಳು. "ಬಾಗಲಾ ಹಾಕೇನಿ, ಸಿದ್ದೂ. ಯಾರೂ ಇಲ್ಲ. ನಾ ಅಷ್ಟ ಇದ್ದೇನಿ."

"ಯಾರಿದ್ರೂ ಅಷ್ಟ, ಇಲ್ದಿದ್ರೂ ಅಷ್ಟ. ಬ್ಯಾರೆ ಕಲ್ಲು ಅದು," ಎಂದೆ. ಎಷ್ಟು ಜನರಿಗೆ ಎಷ್ಟು ಸಲ ಇದನ್ನೇ ಹೇಳುವುದು? ದನಿ ಸ್ವಲ್ಪ ಜೋರಾಯಿತೇನೋ.

ಅವ್ವ ನನ್ನ ಮುಖ ನೋಡುತ್ತಾ ಕೂತಳು. ನೆಲಕ್ಕೆ ಕೈಯೂರಿ ಎದ್ದು, ಹೋಗಿ ಅಗಳಿ ತೆಗೆದು, ಹೊಸ್ತಿಲ ಮೇಲೆ ನನಗೆ ಬೆನ್ನು ಮಾಡಿ ಕೂತಳು. ನಾನು ಹೋಳಿಗೆ ತಿಂದು ಮುಗಿಸುವವರೆಗೂ ತಿರುಗಲಿಲ್ಲ, ಇನ್ನೊಂದು ಹಾಕಲೇ ಎಂದು ಕೇಳಲೂ ಇಲ್ಲ. ಇಡೀ ಶಾಲೆಯ ಮಕ್ಕಳಿಗೆ ಅಡುಗೆ ಮಾಡಿ ಬಂದಿದ್ದಾಳೆ, ದಣಿದಿರಬೇಕು.